ಮೂರು ವಾಚು, ಒಂದೇ ಕೈ: ಆರು ತಿಂಗಳ ಹೋಲಿಕೆ

ಶುಕ್ರವಾರ ರಾತ್ರಿ ಒಂಬತ್ತಕ್ಕೆ ಮೂರು ವಾಚುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಮಲಗಿದೆ. ಸೋಮವಾರ ಬೆಳಿಗ್ಗೆ ಏಳರವರೆಗೆ ಮುಟ್ಟಲಿಲ್ಲ. ಒಟ್ಟು 58 ಗಂಟೆ. ನೋಡಿದರೆ ಎರಡು ನಡೆಯುತ್ತಿದ್ದವು, ಒಂದು ನಿಂತಿತ್ತು. ನಿಂತಿದ್ದು ಒಮೆಗಾ ಸ್ಪೀಡ್‌ಮಾಸ್ಟರ್. ಆದರೆ ಮೂರರಲ್ಲಿ ನಾನು ಜಾಸ್ತಿ ಹಚ್ಚಿಕೊಂಡಿರುವುದು ಅದನ್ನೇ.

ಉಳಿದ ಎರಡು ಯಾವುವು ಅಂದರೆ, 36 ಮಿಲಿಮೀಟರಿನ ರೋಲೆಕ್ಸ್ ಎಕ್ಸ್‌ಪ್ಲೋರರ್ ಮತ್ತು ಸಂಗ್ರಹಕಾರರು 'ಸ್ನೋಫ್ಲೇಕ್' ಎಂದು ಕರೆಯುವ ಗ್ರ್ಯಾಂಡ್ ಸೈಕೊ. ಎಕ್ಸ್‌ಪ್ಲೋರರ್ ನನ್ನ ತಮ್ಮನದು, ಕೇಳಿ ತಂದಿದ್ದು. ಒಂದೊಂದನ್ನೂ ಎರಡು ತಿಂಗಳು ಕಟ್ಟಿದೆ. ಆ ಎರಡು ತಿಂಗಳು ಬೇರೆ ವಾಚು ಕಟ್ಟಲಿಲ್ಲ. ಅಂಗಡಿಯಲ್ಲಿ ಹತ್ತು ನಿಮಿಷ ಕೈಗಿಟ್ಟು ನೋಡಿದರೆ ವಾಚಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ ಎನ್ನುವುದು ನನ್ನ ಗಟ್ಟಿ ನಂಬಿಕೆ.

ಸಮಯದ ಲೆಕ್ಕವನ್ನು ಮೊದಲೇ ಮುಗಿಸಿಬಿಡುತ್ತೇನೆ. ಪ್ರತಿ ರಾತ್ರಿ ಫೋನಿನ ಸಮಯದ ಜೊತೆ ತಾಳೆ ನೋಡಿ ಬರೆದಿಟ್ಟೆ. ಸ್ಪೀಡ್‌ಮಾಸ್ಟರ್ ದಿನಕ್ಕೆ ಎರಡು ಮೂರು ಸೆಕೆಂಡು ಮುಂದೆ ಓಡಿತು. ಎಕ್ಸ್‌ಪ್ಲೋರರ್ ದಿನಕ್ಕೆ ಒಂದು ಸೆಕೆಂಡಿನ ಆಸುಪಾಸು. ಸ್ನೋಫ್ಲೇಕ್ ಇಡೀ ತಿಂಗಳಿಗೆ ಐದು ಸೆಕೆಂಡು. ಕಂಪನಿಗಳು ಒಪ್ಪಿಕೊಂಡಿರುವ ಮಿತಿಯೂ ಇದೇ ಕ್ರಮದಲ್ಲಿದೆ. ಒಮೆಗಾದ್ದು ದಿನಕ್ಕೆ ಸೊನ್ನೆಯಿಂದ 5 ಸೆಕೆಂಡು ಮುಂದೆ, ರೋಲೆಕ್ಸ್‌ದು ಹಿಂದೆ ಮುಂದೆ 2 ಸೆಕೆಂಡು, ಸ್ನೋಫ್ಲೇಕ್‌ದು ತಿಂಗಳಿಗೆ ಹಿಂದೆ ಮುಂದೆ 15 ಸೆಕೆಂಡು. ಮೂರೂ ಮಾತು ಉಳಿಸಿಕೊಂಡವು. ಈ ಪಟ್ಟಿಯಲ್ಲಿ ಗೆದ್ದವರು ಯಾರು ಎನ್ನುವುದು ಸ್ಪಷ್ಟ. ಆದರೆ ಕಟ್ಟಿದವನ ದಿನ ಈ ಸೆಕೆಂಡುಗಳಿಂದ ಬದಲಾಗಲಿಲ್ಲ.

ಸ್ನೋಫ್ಲೇಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಅದರ ಒಳಗಿರುವುದು ಬೇರೆಯದೇ ಲೋಕ. ಸಾಮಾನ್ಯ ಮೆಕ್ಯಾನಿಕಲ್ ವಾಚಿನಲ್ಲಿ ಸುರುಳಿ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಬಲವನ್ನು ಬ್ಯಾಲೆನ್ಸ್ ಚಕ್ರ ತಡೆದು ತಡೆದು ಬಿಡುತ್ತದೆ. ಟಿಕ್ ಟಿಕ್ ಸದ್ದು ಅದರಿಂದಲೇ. ಸ್ನೋಫ್ಲೇಕ್ ಒಳಗಿನ 'ಸ್ಪ್ರಿಂಗ್ ಡ್ರೈವ್' ಯಂತ್ರದಲ್ಲಿ ಸ್ಪ್ರಿಂಗ್ ಇದೆ, ಹಲ್ಲಿನ ಚಕ್ರಗಳಿವೆ, ಬ್ಯಾಲೆನ್ಸ್ ಮಾತ್ರ ಇಲ್ಲ. ಅದರ ಜಾಗದಲ್ಲಿ ಒಂದೇ ದಿಕ್ಕಿಗೆ ಸೆಕೆಂಡಿಗೆ 8 ಸುತ್ತು ತಿರುಗುವ ಚಕ್ರ. ಅದು ತಿರುಗುತ್ತಾ ಚೂರೇ ಚೂರು ವಿದ್ಯುತ್ ಹುಟ್ಟಿಸುತ್ತದೆ. ಆ ವಿದ್ಯುತ್ತಿನಿಂದ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಕಂಪನದ ತಾಳಕ್ಕಿಂತ ಚಕ್ರ ಅವಸರ ಮಾಡಿದರೆ ಅಯಸ್ಕಾಂತದ ಬಲ ಅದಕ್ಕೆ ಬ್ರೇಕ್ ಹಾಕುತ್ತದೆ. ಬ್ಯಾಟರಿ ಇಲ್ಲವೇ ಇಲ್ಲ. ಯೋಶಿಕಾಝು ಅಕಹಾನೆ ಎಂಬ ಎಂಜಿನಿಯರ್‌ಗೆ ಈ ಯೋಚನೆ ಹೊಳೆದದ್ದು 1977ರಲ್ಲಿ. ಈ ಯಂತ್ರದ ಮೊದಲ ವಾಚು ಮಾರುಕಟ್ಟೆಗೆ ಬಂದಿದ್ದು 1999ರಲ್ಲಿ. ಅದನ್ನು ನೋಡಲು ಅವರು ಬದುಕಿರಲಿಲ್ಲ. ಡಯಲ್ ಮೇಲಿನ ನೀಲಿ ಮುಳ್ಳು ಒಂದು ಚೂರೂ ಕುಪ್ಪಳಿಸದೆ, ನೀರಿನ ಮೇಲೆ ಎಲೆ ತೇಲಿದ ಹಾಗೆ ಸಾಗುವಾಗ ನನಗೆ ಅವರು ನೆನಪಾಗುತ್ತಾರೆ.

ಆ ಡಯಲ್‌ಗೆ ಬಿಳಿ ಬಣ್ಣ ಬಳಿದಿಲ್ಲ. ತರಿತರಿಯಾದ ತಗಡಿನ ಮೇಲೆ ಬೆಳ್ಳಿಯ ಲೇಪ, ಅಷ್ಟೇ. ಜಪಾನಿನ ನಾಗಾನೊ ಪ್ರಾಂತ್ಯದ ಶಿಯೊಜಿರಿಯಲ್ಲಿ, ಹಿಮದ ಬೆಟ್ಟಗಳು ಕಾಣುವ ಜಾಗದಲ್ಲಿ ಇದನ್ನು ಮಾಡುತ್ತಾರೆ. ಬೆಳಿಗ್ಗೆ ಕಿಟಕಿ ಪಕ್ಕ ಹಿಡಿದರೆ ಆಗ ತಾನೇ ಹಿಮ ಬಿದ್ದ ಹಾಗೆ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಅದೇ ಡಯಲ್ ಸಪ್ಪೆ. ಕೇಸು ಟೈಟಾನಿಯಂ, ಚೈನ್ ಸೇರಿ ಸುಮಾರು 100 ಗ್ರಾಂ. ಮೊದಲ ವಾರ ಕೈಯಲ್ಲಿ ವಾಚು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಒಂದು ಭಯವೂ ಇತ್ತು. ಕೇಸಿನ ಅಂಚುಗಳಿಗೆ 'ಝರಾತ್ಸು' ಎಂಬ ಪಾಲಿಶ್ ಇದೆ. ಅಂಚು ಚೂಪಾಗಿ, ಮೈ ಕನ್ನಡಿಯಂತೆ ನೇರವಾಗಿ ನಿಲ್ಲುವ ಕೆಲಸ ಅದು. ಹಿಂದೊಮ್ಮೆ ನನ್ನ ಹಳೆಯ ವಾಚೊಂದನ್ನು ಸರ್ವಿಸ್‌ಗೆ ಕೊಟ್ಟಾಗ ಕೇಳದೆಯೇ ಉಜ್ಜಿ ಉಜ್ಜಿ ಅಂಚೆಲ್ಲ ಸೋಪಿನ ತುಂಡಿನಂತೆ ದುಂಡಗೆ ಮಾಡಿ ವಾಪಸ್ ಕೊಟ್ಟಿದ್ದರು. ಲೋಹ ಒಮ್ಮೆ ಹೋದರೆ ಹೋದಂತೆ. ಅಂದಿನಿಂದ ಸರ್ವಿಸ್‌ಗೆ ಕೊಡುವಾಗ 'ಪಾಲಿಶ್ ಬೇಡ' ಎಂದು ಚೀಟಿಯಲ್ಲಿ ಬರೆಸುತ್ತೇನೆ. ನೀವೂ ಬರೆಸಿ. ಸ್ನೋಫ್ಲೇಕ್ ಕಟ್ಟಿದ ಎರಡು ತಿಂಗಳೂ ಆ ನೆನಪು ಬಿಡಲಿಲ್ಲ. ಬಾಗಿಲ ಚೌಕಟ್ಟು, ಮೇಜಿನ ಮೂಲೆ, ಎಲ್ಲದರಿಂದಲೂ ಕೈ ದೂರ.

ಎಕ್ಸ್‌ಪ್ಲೋರರ್ ಹಾಗಲ್ಲ. ಅದನ್ನು ಕಟ್ಟಿ ಮರೆತುಬಿಡಬಹುದು. 1953ರ ಎವರೆಸ್ಟ್ ಏರಿಕೆಯ ಕಾಲದಲ್ಲಿ ಹುಟ್ಟಿದ ಹೆಸರು, 3, 6, 9 ಅಂಕಿಗಳ ಕಪ್ಪು ಡಯಲ್, ತಾರೀಕು ಇಲ್ಲ. 2010ರಲ್ಲಿ 39 ಮಿಲಿಮೀಟರಿಗೆ ಬೆಳೆಸಿದ್ದರು, 2021ರಲ್ಲಿ ಮತ್ತೆ 36ಕ್ಕೆ ತಂದರು. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಅಂಗಿಯ ತೋಳಿನೊಳಗೆ ಸುಮ್ನೆ ಜಾರಿ ಕೂರುತ್ತದೆ. ಸೆಕೆಯಲ್ಲಿ ಕೈ ಊದಿದಾಗ ಕೊಕ್ಕೆಯೊಳಗಿನ ಒಂದು ಕೊಂಡಿ ಬಿಚ್ಚಿದರೆ ಚೈನ್ 5 ಮಿಲಿಮೀಟರ್ ಸಡಿಲವಾಗುತ್ತದೆ, ಯಾವ ಸಲಕರಣೆಯೂ ಬೇಡ. ಪೂರ್ತಿ ಕೀ ತುಂಬಿದ್ದರೆ ಸುಮಾರು 70 ಗಂಟೆ ನಡೆಯುತ್ತದೆ. 100 ಮೀಟರ್ ಆಳದ ನೀರಿಗೂ ಜಗ್ಗದು. ತಪ್ಪು ಹುಡುಕಲು ನಿಜವಾಗಿ ಪ್ರಯತ್ನಪಟ್ಟೆ, ಸಿಗಲಿಲ್ಲ. ಎರಡು ತಿಂಗಳಲ್ಲಿ ಅದರ ಬಗ್ಗೆ ಬರೆದಿಟ್ಟಿದ್ದು ಒಂದೂವರೆ ಪುಟ. ಸ್ಪೀಡ್‌ಮಾಸ್ಟರ್ ಬಗ್ಗೆ ಹನ್ನೊಂದು ಪುಟ ತುಂಬಿತ್ತು.

ಸ್ಪೀಡ್‌ಮಾಸ್ಟರ್‌ಗೆ ದಿನಾ ಕೀ ಕೊಡಬೇಕು. ಕೈ ಆಡಿಸಿದರೆ ತಾನಾಗಿ ತುಂಬಿಕೊಳ್ಳುವ ರೋಟರ್ ಇದರಲ್ಲಿಲ್ಲ. ಪೂರ್ತಿ ತುಂಬಿದರೆ 50 ಗಂಟೆ, ಆಮೇಲೆ ನಿಲ್ಲುತ್ತದೆ. ಮೊದಲ ವಾರ ಇದು ಕೆಲಸ ಅನ್ನಿಸಿತು. ಎರಡನೇ ವಾರದಿಂದ ಬೆಳಿಗ್ಗೆ ಎದ್ದ ತಕ್ಷಣ ಕೈ ಅದನ್ನೇ ಹುಡುಕುತ್ತಿತ್ತು. ಬೆರಳ ತುದಿಯಲ್ಲಿ ಆ ಸಣ್ಣ ಕಿರ್ ಕಿರ್, ಸ್ಪ್ರಿಂಗ್ ಬಿಗಿಯಾಗುತ್ತಾ ಬಂದು ಕೊನೆಗೆ ಸಾಕು ಎಂದು ತಡೆಯುವುದು. ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕಿದಂತೆ ಅದು ನಡೆಯುತ್ತಿರುವುದಕ್ಕೆ ನಾನು ಕಾರಣ ಅನ್ನಿಸುತ್ತದೆ. ಮಿಕ್ಕ ಎರಡರಲ್ಲಿ ಈ ಭಾವನೆ ಬರಲಿಲ್ಲ.

ಇನ್ನು ಅದರ ಚರಿತ್ರೆ. 1969ರಲ್ಲಿ ಚಂದ್ರನ ಮೇಲೆ ಆಲ್ಡ್ರಿನ್ ಕೈಯಲ್ಲಿ ಸ್ಪೀಡ್‌ಮಾಸ್ಟರ್ ಇತ್ತು ಎಂದು ಎಲ್ಲರಿಗೂ ಗೊತ್ತು. ಆರ್ಮ್‌ಸ್ಟ್ರಾಂಗ್ ತಮ್ಮದನ್ನು ನೌಕೆಯಲ್ಲೇ ಬಿಟ್ಟು ಇಳಿದಿದ್ದರು, ನೌಕೆಯ ಒಳಗಿನ ಟೈಮರ್ ಕೆಟ್ಟಿತ್ತು ಅಂತ. ನನ್ನನ್ನು ಹಿಡಿದಿಡುವುದು 1970ರ ಅಪೊಲೊ 13. ನೌಕೆ ಕೆಟ್ಟು, ದಾರಿ ತಿದ್ದಲು ಎಂಜಿನ್ನನ್ನು 14 ಸೆಕೆಂಡು ಉರಿಸಬೇಕಾಗಿ ಬಂದಾಗ ಆ ಸಮಯವನ್ನು ಅಳೆದಿದ್ದು ಕೈಯಲ್ಲಿದ್ದ ಸ್ಪೀಡ್‌ಮಾಸ್ಟರ್. ಒಂದು ಸಂಜೆ ಮಗಳ ಹಗ್ಗದಾಟಕ್ಕೆ ಲೆಕ್ಕ ಇಡುವಾಗ ಅದರ ಸ್ಟಾಪ್‌ವಾಚ್ ಗುಂಡಿ ಒತ್ತಿ 14 ಸೆಕೆಂಡು ನೋಡಿದೆ. ಎಷ್ಟು ಬೇಗ ಮುಗಿದುಹೋಗುತ್ತದೆ, ಅಲ್ವಾ!

ನನ್ನದರ ಗಾಜು ಹೆಸಲೈಟ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಸಫೈರ್ ಗಾಜಿನದೂ ಸಿಗುತ್ತದೆ, ಆದರೆ ನಾನು ಬೇಕೆಂದೇ ಇದನ್ನು ಆರಿಸಿದೆ. ಬೇಗ ಗೀರು ಬೀಳುತ್ತದೆ, ನಿಜ. ಆದರೆ ಪಾಲಿಶ್ ಪೇಸ್ಟ್ ಹಚ್ಚಿ ಬಟ್ಟೆಯಿಂದ ಐದು ನಿಮಿಷ ಉಜ್ಜಿದರೆ ಗೀರು ಮಾಯ. ಸಫೈರ್‌ಗೆ ಗೀರು ಬೀಳುವುದೇ ಅಪರೂಪ, ಬಿದ್ದರೆ ಮನೆಯಲ್ಲಿ ತೆಗೆಯಲಾಗದು. ಅಯಸ್ಕಾಂತದ ವಿಷಯದಲ್ಲೂ ಸ್ಪೀಡ್‌ಮಾಸ್ಟರೇ ಗಟ್ಟಿಗ, 15,000 ಗಾಸ್‌ವರೆಗೆ (ಗಾಸ್ ಅಂದರೆ ಅಯಸ್ಕಾಂತದ ಬಲದ ಅಳತೆ) ತಡೆಯುತ್ತದೆ. ಟ್ಯಾಬ್ಲೆಟ್ ಕವರಿನ ಅಯಸ್ಕಾಂತದ ಮೇಲೆ ಇಟ್ಟು ಒಂದು ಹಳೆಯ ವಾಚು ದಿನಕ್ಕೆ ನಿಮಿಷಗಟ್ಟಲೆ ಓಡಿದ್ದನ್ನು ಕಂಡ ನನಗೆ ಇದು ದೊಡ್ಡ ನೆಮ್ಮದಿ. ನೀರಿನ ವಿಷಯದಲ್ಲಿ ಮಾತ್ರ ಹಿಂದೆ. 50 ಮೀಟರ್ ಎಂದಿದ್ದರೂ ನಾನು ಈಜುವಾಗ ಬಿಚ್ಚಿಡುತ್ತೇನೆ.

ಒಂದೇ ವಾಚು ಕೊಳ್ಳುವವರು ಕೇಳಿದರೆ ಎಕ್ಸ್‌ಪ್ಲೋರರ್ ಅನ್ನುತ್ತೇನೆ, ಎರಡನೇ ಯೋಚನೆ ಇಲ್ಲದೆ. ಒಳಗಿನ ಕೆಲಸಕ್ಕೆ ಬೆರಗಾಗುವವರಿಗೆ ಸ್ನೋಫ್ಲೇಕ್. ಆದರೆ ಅದನ್ನು ಅಂಗಡಿಯ ದೀಪದಲ್ಲಿ ನೋಡಿ ತೀರ್ಮಾನಿಸಬೇಡಿ, ಬಾಗಿಲ ಬಳಿ ಬೆಳಕಿಗೆ ತಂದು ನೋಡಿ. ಸ್ಪೀಡ್‌ಮಾಸ್ಟರ್ ಯೋಚಿಸುವವರು ಮೊದಲು ಅದರ ಕೀ ತಿರುಗಿಸಿ ನೋಡಿ. ಅದು ಬೇಸರ ತಂದರೆ ಆ ವಾಚು ನಿಮಗಲ್ಲ.

ಎಕ್ಸ್‌ಪ್ಲೋರರ್ ತಮ್ಮನ ಕೈಗೆ ವಾಪಸ್ ಹೋಗಿದೆ. ಆ ಸೋಮವಾರ ನಿಂತಿದ್ದ ವಾಚಿಗೆ ಕೀ ಕೊಟ್ಟು, ಸಮಯ ಸರಿ ಮಾಡಿ, ಅದನ್ನೇ ಕಟ್ಟಿಕೊಂಡು ಹೊರಟೆ.