ಶಿವಮೊಗ್ಗದ ಎರಡು ದಿನದ ಮಕ್ಕಳ ರಕ್ಷಣೆ ತರಬೇತಿ: ಹೋಗಿ ಬಂದವಳ ಅಭಿಪ್ರಾಯ

ಹೊಸನಗರ ಕಡೆಯ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಶೋಷಣೆಯನ್ನು ಗುರುತಿಸುವುದು ಹೇಗೆ, ಗೊತ್ತಾದ ಮೇಲೆ ಏನು ಮಾಡಬೇಕು ಅಂತ ಶಿವಮೊಗ್ಗದಲ್ಲಿ ಒಂದು ಸಂಸ್ಥೆಯವರು ತರಬೇತಿ ಇಟ್ಟಿದ್ದರು. ಶುಲ್ಕ ಇಲ್ಲ, ಬಸ್ ಚಾರ್ಜನ್ನೂ ಕೊಟ್ಟರು. ಊಟ ಚೆನ್ನಾಗಿತ್ತು.

ಮೊದಲ ದಿನ ಮಧ್ಯಾಹ್ನದವರೆಗೂ ಕಾನೂನು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಬಗ್ಗೆ ನಾವೆಲ್ಲ ಕೇಳಿದ್ದೇವೆ. ಆದರೆ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ನಮಗೇ ಆರು ತಿಂಗಳವರೆಗೆ ಜೈಲು ಆಗಬಹುದು ಅನ್ನುವುದು ನನ್ನ ಪಕ್ಕ ಕೂತವರಿಗೆ ಗೊತ್ತಿರಲಿಲ್ಲ. ಸಾಕ್ಷಿ ಹುಡುಕುವುದು ನಮ್ಮ ಕೆಲಸ ಅಲ್ಲ, ತಿಳಿಸುವುದು ನಮ್ಮ ಕೆಲಸ.

ಊಟದ ನಂತರದ್ದೇ ನಿಜವಾದ ತರಬೇತಿ. ಒಬ್ಬರು ಮಗು, ಇನ್ನೊಬ್ಬರು ಕಾರ್ಯಕರ್ತೆ ಆಗಿ ಮಾತಾಡಬೇಕಿತ್ತು. ನಾನು 'ಅವನು ನಿನ್ನನ್ನು ಮುಟ್ಟಿದನಾ?' ಅಂದ ಕೂಡಲೇ ಹೇಳಿಕೊಡುವ ಮೇಡಂ ನಿಲ್ಲಿಸಿದರು. ಹಾಗೆ ಕೇಳಿದರೆ ಉತ್ತರವನ್ನು ನಾವೇ ಮಗುವಿನ ಬಾಯಿಗಿಟ್ಟ ಹಾಗೆ. 'ಆಮೇಲೆ ಏನಾಯ್ತು?' ಅಂತ ಕೇಳಿ, ಕಾಯಿರಿ ಅಂದರು. 'ಮೊದಲೇ ಯಾಕೆ ಹೇಳಲಿಲ್ಲ' ಅಂತ ಕೇಳಬಾರದು. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬಾರದು. ಮಗು ಹೇಳಿದ್ದನ್ನು ಅದರ ಮಾತಲ್ಲೇ ಬರೆದಿಡಬೇಕು.

ಆಗ ನನಗೆ ಮೂರು ವರ್ಷದ ಹಿಂದಿನ ಒಂದು ಹುಡುಗಿ ನೆನಪಾದಳು. ಹನ್ನೆರಡು ವರ್ಷ ಇರಬಹುದು. 'ಓದಿಸ್ತೀವಿ' ಅಂತ ಒಂದು ಮನೆಯವರು ದೂರದ ಊರಿಂದ ಕರೆದು ತಂದಿದ್ದರು. ಅಡಿಕೆ ಸುಲಿದು ಸುಲಿದು ಚೊಗರು ಹತ್ತಿ ಬೆರಳೆಲ್ಲ ಕಪ್ಪಾಗಿತ್ತು. ಮನೆಯವರ ಎದುರಿಗೇ 'ಶಾಲೆಗೆ ಹೋಗ್ತೀಯಾ?' ಅಂತ ಕೇಳಿಬಿಟ್ಟೆ. 'ಹೂಂ' ಅಂದಳು. ಮುಂದಿನ ವಾರ ಹೋದರೆ ಅವಳಿಲ್ಲ. ಊರಿಗೆ ಹೋದಳಂತೆ. ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿದ್ದರೆ ಅನ್ನಿಸಿ, ಆ ದಿನ ಬಸ್ಸಿನಲ್ಲಿ ಕಣ್ಣೀರು ಬಂತು.

ಬೇಜಾರಾಗಿದ್ದು, ಕೊಟ್ಟ ಉದಾಹರಣೆಗಳೆಲ್ಲ ದೊಡ್ಡ ನಗರದವು. ನಮ್ಮಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಹಾಜರಿ ಪುಸ್ತಕ ನೋಡಿದರೆ ಸಾಕು, ಎಷ್ಟೋ ವಿಷಯ ಗೊತ್ತಾಗುತ್ತದೆ. ಶುಂಠಿ ಹೊಲದ ಶೆಡ್ಡುಗಳಲ್ಲಿರುವ ಮಕ್ಕಳ ಮಾತು ಬರಲೇ ಇಲ್ಲ. ಮಕ್ಕಳ ಕೈಲಿ ಇಂಥ ಕೆಲಸ ಮಾಡಿಸಬಹುದಾ ಅಂತ ನಾನೇ ಎದ್ದು ಕೇಳಿದೆ. ಉತ್ತರ ಮಾತ್ರ ಸ್ಪಷ್ಟವಾಗಿತ್ತು: 14 ವರ್ಷದೊಳಗಿನ ಮಗು ಶಾಲೆ ಬಿಟ್ಟ ಮೇಲೋ ರಜೆಯಲ್ಲೋ ಸ್ವಂತ ಮನೆಯ ಕೆಲಸಕ್ಕೆ ಕೈ ಜೋಡಿಸಬಹುದು, ಓದಿಗೆ ತೊಂದರೆ ಆಗಬಾರದು, ಅಪಾಯದ ಕೆಲಸ ಇರಬಾರದು. ಬೇರೆಯವರ ಮನೆಯಲ್ಲಿ ಕೂಲಿಗೆ ಸುಲಿಸಿದರೆ ಅಪರಾಧ.

ಕೈಪಿಡಿ ಇಂಗ್ಲಿಷಿನಲ್ಲಿದೆ. ಇದು ತಪ್ಪು. ನಮ್ಮಲ್ಲಿ ಅರ್ಧ ಜನಕ್ಕೆ ಅದು ಸುಮ್ನೆ ಕಪಾಟಿನಲ್ಲಿಡುವ ಪುಸ್ತಕ ಆಗುತ್ತದೆ, ಅಲ್ವಾ?

ಎರಡನೇ ದಿನ ಕೊನೆಯ ಗಂಟೆಯನ್ನು ಓಡಿಸಿಬಿಟ್ಟರು. ರಕ್ಷಿಸಿ ತಂದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು, ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಸರಿ. ಜುಲೈ ಮಳೆ, ಸಂಜೆಯ ಬಸ್ ಹೋಗಿಯಾಗಿದೆ, ಕರೆಂಟ್ ಇಲ್ಲ, ಸಿಗ್ನಲ್ ಇಲ್ಲ. ಆ ಮಗು ಆ ರಾತ್ರಿ ಎಲ್ಲಿ ಮಲಗಬೇಕು? ಇದಕ್ಕೆ ಒಂದು ಗಂಟೆ ಪೂರ್ತಿ ಬೇಕಿತ್ತು.

ಆದರೂ ಈ ತರಬೇತಿಗೆ ಕರೆ ಬಂದರೆ ತಪ್ಪಿಸಬೇಡಿ, ಅದರಲ್ಲೂ ಮೊದಲ ದಿನ ಮಧ್ಯಾಹ್ನದ್ದನ್ನು. ನಡೆಸುವವರಿಗೆ ನನ್ನ ಕೋರಿಕೆ ಒಂದೇ: ಮುಂದಿನ ಸಲ ಅಡಿಕೆ ಗೊನೆ ಕೊಯ್ಲು ಶುರುವಾಗುವ ಮೊದಲೇ ಇಡಿ. ಆ ಹುಡುಗಿಯಂಥವರು ಬರುವುದು ಆಗಲೇ.