ಡ್ರಿಲ್ ಬ್ಯಾಟ್ರಿ ರಿಪೇರಿಗಿ ಕೊಡೋರು ಜರಾ ನಿಂತು ಇದನ್ನ ಓದ್ರಿ

ಕಲಬುರಗಿದಾಗ ಕಾರ್ಡ್‌ಲೆಸ್ ಮಷಿನ್ ಇಟ್ಕೊಂಡು ದುಡಿಯೋ ಬಡಿಗ್ಯಾರು, ಪಿಓಪಿ ಹುಡುಗ್ರು, ಎಲೆಕ್ಟ್ರಿಷಿಯನ್ ಎಲ್ಲಾರಿಗೂ ಹೇಳ್ಲಕತ್ತೀನಿ. "ಸತ್ತ ಬ್ಯಾಟ್ರಿಗಿ ಜೀವ ಕೊಡ್ತೀವಿ" ಅನ್ನೋರ ಕೈಗಿ ಬ್ಯಾಟ್ರಿ ಕೊಟ್ಟು ಮನಿಗಿ ಬರಬ್ಯಾಡ್ರಿ. ಅಂಗಡಿ ಹೆಸರು ಹಾಕಂಗಿಲ್ಲ, ನಾಳಿಗಿ ಮತ್ತ ಅದೊಂದು ಲಫಡಾ ಬ್ಯಾಡ. ಆದ್ರ ನನಗೇನಾತು ಅಂತ ಪೂರಾ ಬರಿತೀನಿ, ನಗೋರು ನಗ್ರಿ, ಪರವಾ ಇಲ್ಲ.

ನಂದು ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಕೆಲಸ. 18 ವೋಲ್ಟಿನ ಇಂಪ್ಯಾಕ್ಟ್ ಡ್ರೈವರ್ (ಸ್ಕ್ರೂ ಹೊಡಿಯೋ ಮಷಿನ್) ಅದ, ಅದಕ್ಕ 4 ಆಂಪಿಯರ್-ಅವರ್‌ದು (ಎಷ್ಟು ಚಾರ್ಜ್ ಹಿಡಿತದ ಅನ್ನೋ ಲೆಕ್ಕ) ಎರಡು ಬ್ಯಾಟ್ರಿ. ದೀಪಾವಳಿ ಆದ ಮ್ಯಾಲ ಕೆಲಸ ಕಮ್ಮಿ ಇತ್ತು, ಒಂದು ಬ್ಯಾಟ್ರಿ ಪೂರಾ ಖಾಲಿ ಆಗಿದ್ದನ್ನ ಹಂಗೇ ಪೆಟ್ಟಿಗ್ಯಾಗ ಒಗದು ಬಿಟ್ಟಿದ್ದೆ. ತಪ್ಪು ನಂದೇ, ಒಪ್ಕೋತೀನಿ. ಸಂಕ್ರಾಂತಿ ಮುಗುದ ಮ್ಯಾಲ ತೆಗದು ಚಾರ್ಜರ್‌ಗಿ ಹಾಕಿದ್ರ ಕೆಂಪು ಹಸಿರು ಕೆಂಪು ಹಸಿರು ಅಂತ ಮಿಣುಕ್ತದ, ಚಾರ್ಜ್ ತಗೊಳಂಗಿಲ್ಲ. ಹೊಸಾದು ತಗೋಬೇಕಂದ್ರ ಆರು ಸಾವಿರದ ಮ್ಯಾಲ. ಅದಕ್ಕ ಯಾರೋ ಹೇಳಿದ್ರು ಅಂತ ಒಂದು ಗಲ್ಲಿದಾಗಿನ ರಿಪೇರಿ ಅಂಗಡಿಗಿ ಹೋದೆ.

ಅಂಗಡಿಯಂವ ನೋಡ್ದ, "ಏನಾಗಿಲ್ಲ ಮಿಸ್ತ್ರಿ, ಬ್ಯಾಟ್ರಿ ನಿದ್ದಿ ಹೋಗ್ಯದ, ಎಬ್ಬಸ್ತೀನಿ" ಅಂದ. ಅವನ ಬಲ್ಲಿ ಇದ್ದ ಇನ್ನೊಂದು ಬ್ಯಾಟ್ರಿದಿಂದ ಎರಡು ವಾಯರ್ ತಂದು, ಪ್ಲಸ್‌ಗಿ ಪ್ಲಸ್ ಮೈನಸ್‌ಗಿ ಮೈನಸ್ ಹಚ್ಚಿ ಒಂದೆರಡು ನಿಮಿಷ ಹಿಡದ, ಆಮ್ಯಾಲ ಚಾರ್ಜರ್‌ಗಿ ಹಾಕಿದ್ರ ಬರೋಬ್ಬರಿ ಚಾರ್ಜ್ ತಗೊಳ್ಳಾಕ ಸುರು! 300 ರೂಪಾಯಿ ತಗೊಂಡ. ನಾ ಖುಷಿಲೇ ಕೊಟ್ಟೆ. ಎಂಟು ದಿನ ನಡೀತು. ಒಂಬತ್ತನೇ ದಿನ ಚಾರ್ಜ್‌ಗಿ ಹಾಕಿದಾಗ ಕೈ ಇಡಾಕ ಆಗಲಾರದಂಗ ಬಿಸಿ, ಗಾಬರಿ ಬಿದ್ದು ತೆಗದು ಹೊರಗ ಅಂಗಳದಾಗ ಇಟ್ಟೆ.

ಇದರ ಕಾರಣ ನನಗ ಆಮ್ಯಾಲ ಗೊತ್ತಾತು. ನಮ್ಮ ಸೋದರಮಾವನ ಮಗ ಹುಮನಾಬಾದದಾಗ ಈ-ಗಾಡಿ ಬ್ಯಾಟ್ರಿ ಕೆಲಸ ಮಾಡ್ತಾನ, ಅಂವ ತಿಳಿಸಿ ಹೇಳ್ದ. ಬ್ಯಾಟ್ರಿ ಒಳಗ ಇರೋ ಒಂದೊಂದು ಲಿಥಿಯಂ ಸೆಲ್ 2.5 ವೋಲ್ಟಿನ ಆಸುಪಾಸು ಬಂದ್ರ ಅದು ಖಾಲಿ ಅಂತ ಲೆಕ್ಕ. ಅದಕ್ಕೂ ಕೆಳಗ, 2 ವೋಲ್ಟಿಗಿಂತ ಕಮ್ಮಿ ಆಗಿ ತಿಂಗಳುಗಟ್ಟಲೆ ಬಿದ್ದಿತ್ತಂದ್ರ ಒಳಗಿನ ತಾಮ್ರದ ಹಾಳಿ ಕರಗಲಕತ್ತತದ, ಮತ್ತ ಚಾರ್ಜ್ ಕೊಟ್ಟಾಗ ಆ ತಾಮ್ರ ಎಲ್ಲೆಲ್ಲೋ ಹೋಗಿ ಕೂತು ಒಳಗೇ ಶಾರ್ಟ್ ಆಗೋ ಚಾನ್ಸ್ ಇರ್ತದ. ಚಾರ್ಜರ್ "ಇದು ಬ್ಯಾಡ" ಅಂತ ಮಿಣುಕೋದು ಅದಕ್ಕೇ. ಚಾರ್ಜರ್ ಕೆಟ್ಟಿಲ್ಲ, ಶಾಣ್ಯಾ ಅದ. ನಾವು ವಾಯರ್ ಹಚ್ಚಿ ಅದರ ಕಣ್ಣಿಗಿ ಮಣ್ಣು ಹಾಕ್ತೀವಿ. ಯೂಟ್ಯೂಬ್‌ನಾಗ ಎಲ್ಲಾರೂ ಇದನ್ನೇ ತೋರಸ್ತಾರ ನೋಡ್ರಿ, ಎರಡು ವಾಯರ್, ಎರಡು ನಿಮಿಷ, ಬ್ಯಾಟ್ರಿ ಓಕೆ. ಎಂಟು ದಿನದ ಮ್ಯಾಲ ಏನಾತು ಅಂತ ಯಾರೂ ವಿಡಿಯೋ ಹಾಕಂಗಿಲ್ಲ.

ಸರಿ, ಇದು ಬರೇ 300 ರೂಪಾಯಿ ಮಾತು. ಖರೇ ಮೋಸ ಮುಂದ ಅದ.

ಮತ್ತ ಅವನ ಬಲ್ಲೇ ಹೋದೆ. (ಹೌದು, ಮತ್ತ ಅವನ ಬಲ್ಲೇ. ನನ್ನ ಹೆಣ್ತಿನೂ ಇದನ್ನೇ ಕೇಳಿದ್ಳು.) "ಸೆಲ್ ವೀಕ್ ಆಗ್ಯಾವ ಮಿಸ್ತ್ರಿ, ಎಲ್ಲಾ ಸೆಲ್ ಚೇಂಜ್ ಮಾಡಿ ಕೊಡ್ತೀನಿ, ಹೊಸಾದರ ಹಂಗ ನಡೀತದ, ಆರು ತಿಂಗಳ ಗ್ಯಾರಂಟಿ, 2,400 ಕೊಡ್ರಿ" ಅಂದ. ಎಲ್ಲಾ ಸೆಲ್ ಅಂದ. ಈ ಮಾತು ನೆನಪಿಡ್ರಿ. ಬಿಲ್ ಕೇಳಿದ್ರ ಕಾರ್ಡಿನ ಹಿಂದ ಪೆನ್ನಿಲೇ "ಸೆಲ್ ಚೇಂಜ್ 2400" ಅಂತ ಗೀಚಿ ಕೊಟ್ಟ, ಅಷ್ಟೇ.

ಮರುದಿನ ಮಧ್ಯಾಹ್ನ ವಾಟ್ಸಾಪ್‌ಗಿ ಫೋಟೋ ಕಳಸ್ದ. ಬ್ಯಾಟ್ರಿ ಮುಚ್ಚಳ ತೆಗದದ, ಒಳಗ ಸಾಲಾಗಿ ಐದು ಸೆಲ್, ಮ್ಯಾಲ ಹೊಳೆಯೋ ನಿಕ್ಕಲ್ ಪಟ್ಟಿ. "ನೋಡ್ರಿ ಹೊಸ ಸೆಲ್" ಅಂತ ಬರದಿದ್ದ. ನಾ ಹೆಬ್ಬೆರಳು ಎತ್ತಿ ಕಳಸ್ದೆ. ಅಷ್ಟಕ್ಕ ಸುಮ್ಮನಿದ್ರ ಆಗ್ತಿತ್ತು, ಆ ಫೋಟೋ ನಮ್ಮ ಬಡಿಗ್ಯಾರ ಗ್ರೂಪಿಗಿ ಹಾಕಿ "ಛಲೋ ಮಾಡ್ತಾನ, ಯಾರಿಗಿ ಬೇಕಾದ್ರ ನಂಬರ್ ಕೊಡ್ತೀನಿ" ಅಂತ ಬ್ಯಾರೆ ಬರದೆ. ಇದನ್ನ ಬರಿಬೇಕಾದ್ರ ಈಗೂ ಮಾರಿ ಬಿಸಿ ಆಗ್ತದ.

ಸಂಜಿಗಿ ತರಾಕ ಹೋದಾಗ ಮಲ್ಟಿಮೀಟರ್ ಹಚ್ಚಿ ತೋರಸ್ದ. 20.6. "ಫುಲ್ ಆದ್ರ 21, ಹೌದಿಲ್ಲೋ? ನೋಡ್ರಿ, ನಿಮ್ಮ ಕಣ್ಣಾರೆ ನೋಡ್ರಿ" ಅಂದ. ನೋಡ್ದೆ. ಕೈಯಾಗ ಹಿಡದು ತೂಕನೂ ನೋಡ್ದೆ, ಮೊದಲಿನಂಗೇ ಇತ್ತು. ಪ್ಲೈವುಡ್ ತಗೋಬೇಕಾದ್ರ ಬೆರಳಿಲೇ ಬಡದು ಪೊಳ್ಳದನೋ ಗಟ್ಟಿ ಅದನೋ ಅಂತ ಒಂದೊಂದು ಹಾಳಿ ನೋಡೋ ಮನಷಾ ನಾ, ಅವತ್ತ ಮೀಟರಿನ ನಂಬರ್ ನೋಡಿ ರೊಕ್ಕ ಎಣಿಸಿ ಕೊಟ್ಟು ಬಂದೆ.

ಮೂರನೇ ದಿನ ಸೇಡಂ ರೋಡಿನ ಕಡೆ ಒಂದು ಮನಿ, ಗೃಹಪ್ರವೇಶಕ್ಕ ನಾಕೇ ದಿನ ಉಳದಿತ್ತು. ಅಡಗಿ ಮನಿ ಮ್ಯಾಲಿನ ಬಾಕ್ಸ್ ಗ್ವಾಡಿಗಿ ಹಚ್ಚಲಕತ್ತಿದ್ವಿ. ಕೆಳಗ ಹುಡುಗ ಎರಡೂ ಕೈಲೇ ಬಾಕ್ಸ್ ಎತ್ತಿ ಹಿಡದು ನಿಂತಾನ, ನಾ ಏಣಿ ಮ್ಯಾಲ. ಮೊದಲನೇ ಸ್ಕ್ರೂ ಹೋತು. ಎರಡನೇದು ಅರ್ಧಕ್ಕ ಹೋಗಿ ಮಷಿನ್ ಬಂದ್. ಮುಂದಿನ ಲೈಟ್ ಮಾತ್ರ ಉರೀಲಕತ್ತದ. ಎರಡು ನಿಮಿಷ ಬಿಟ್ಟು ಒತ್ತಿದ್ರ ಗರ್ರ್ ಅಂತ ಒಂದು ಸುತ್ತು, ಮತ್ತ ಬಂದ್. ಮೀಟರ್ ನಂದೂ ಅದ, ಇಳದು ಹಚ್ಚಿ ನೋಡ್ದೆ, 19ರ ಮ್ಯಾಲೇ ತೋರಸ್ತದ! ವೋಲ್ಟ್ ಅದ, ದಮ್ ಇಲ್ಲ. ಬಾಕ್ಸ್ ಹಿಡದ ಹುಡುಗ "ಅಣ್ಣಾ ಕೈ ನೋಯಲಕತ್ತಾವ್ರೀ" ಅಂತಾನ, ಮನಿ ಅಕ್ಕೋರು ಚಾ ತಗೊಂಡು ಬಂದು ಬಾಗಿಲದಾಗ ನಿಂತು ನೋಡ್ಲಕತ್ಯಾರ. ಇನ್ನೊಂದು ಬ್ಯಾಟ್ರಿ ಚಾರ್ಜ್‌ಗಿ ಇತ್ತು, ಕರೆಂಟ್ ಹೋಗಿತ್ತು. ಕಡೀಕ ಕೈ ಸ್ಕ್ರೂಡ್ರೈವರ್‌ಲೇ ತಿರುವಿದೆ, ಅಂಗೈಯಾಗ ಬೊಬ್ಬಿ.

ಸಂಜಿ ಫೋನ್ ಮಾಡ್ದೆ. ಅಂವ ಅಂದ ಮಾತು ಕೇಳ್ರಿ.

"ನಿಮ್ಮ ಮಷಿನ್ ಲೋಡ್ ಜಾಸ್ತಿ ಎಳೀತದ ಮಿಸ್ತ್ರಿ." ಅಲ್ಲಪಾ, ಅದೇ ಮಷಿನ್, ಅದೇ ಸ್ಕ್ರೂ, ಎರಡು ವರ್ಷದಿಂದ ನಡೀತಿತ್ತಲ್ಲ?

"ಬಿಸಲಿಗಿ ಎಲ್ಲಾರದೂ ಹಂಗೇ ಆಗ್ಲಕತ್ತದ." ಅವಾಗ ಇನ್ನಾ ಶಿವರಾತ್ರಿನೇ ಆಗಿದ್ದಿಲ್ಲ!

"ವೋಲ್ಟೇಜ್ ತೋರ್ಸಿ ಕೊಟ್ಟೀನಲ್ಲ, ನಿಮ್ಮ ಕಣ್ಣಾರೆ ನೋಡೀರಲ್ಲ." ಇದಕ್ಕ ನನ್ನ ಬಲ್ಲಿ ಉತ್ತರ ಇದ್ದಿಲ್ಲ. ಖರೇನೇ ನೋಡಿದ್ದೆ.

ಇನ್ನೊಂದು ಮಾತು ನಾ ಲಕ್ಷ್ಯ ಕೊಟ್ಟಿದ್ದಿಲ್ಲ. ಮೊದಲ ಫುಲ್ ಚಾರ್ಜ್ ಆಗಾಕ ತಾಸೂವರಿ ಹಿಡಿತಿದ್ದ ಬ್ಯಾಟ್ರಿ ಈಗ ಅರ್ಧ ತಾಸಿನಾಗ ಹಸಿರು ಲೈಟ್ ತೋರಸ್ತಿತ್ತು. ನಾ ಏನ್ ತಿಳ್ಕೊಂಡಿದ್ದೆ ಅಂದ್ರ, ಹೊಸ ಸೆಲ್ ಅವ, ಅದಕ್ಕೇ ಫಾಸ್ಟ್ ಚಾರ್ಜ್ ಆಗ್ತದ ಅಂತ! ಸಣ್ಣ ಕೊಡ ಲಗೂನ ತುಂಬ್ತದ, ಇಷ್ಟು ತಿಳೀಲಿಲ್ಲ ನನಗ.

ಆಯ್ತವಾರ ಸೋದರಮಾವನ ಮಗ ಊರಿಗಿ ಬಂದಿದ್ದ, ಅವನ ಮುಂದೇ ಸ್ಟಾರ್ ಸ್ಕ್ರೂ ಬಿಚ್ಚಿದ್ವಿ. ಮ್ಯಾಲ ಐದು ಸೆಲ್, ಫೋಟೋದಾಗ ಇದ್ದಂಗೇ. ಅಂವ ಮೆತ್ತಗ ಪೂರಾ ಗಡ್ಡಿ ಎತ್ತಿ ತಿರುವಿದ. ಕೆಳಗ ಮತ್ತ ಐದು ಸೆಲ್. ಅವು ನನ್ನವೇ. ಅದೇ ಹಳೇ ಸತ್ತ ಸೆಲ್. ನಡುವಿನ ಪಟ್ಟಿ ಕಟರ್‌ಲೇ ಕತ್ತರಿಸಿ, ಹಳದಿ ಟೇಪ್ ಸುತ್ತಿ, ಯಾವದಕ್ಕೂ ಕನೆಕ್ಷನ್ ಇಲ್ದಂಗ ಹಂಗೇ ಕೂಡಿಸ್ಯಾನ. ಯಾಕ? ತೂಕಕ್ಕ! ಒಂದೊಂದು ಸೆಲ್ 45 ಗ್ರಾಂ ಆಸುಪಾಸು, ಐದು ತೆಗದ್ರ ಪಾವು ಕಿಲೋ ಹತ್ರ ಕಮ್ಮಿ ಆಗ್ತದ, ಕೈಗಿ ಗೊತ್ತಾಗ್ತದಲ್ಲ. ನಾ ಕೈಯಾಗ ಹಿಡದು ತೂಕ ನೋಡಿದ್ದೆ ನೋಡ್ರಿ, ನಂದೇ ಸತ್ತ ಸೆಲ್ಲಿನ ತೂಕ ಅದು.

ಈ 18 ವೋಲ್ಟಿನ ಬ್ಯಾಟ್ರಿ ಲೆಕ್ಕ ಹಿಂಗದ. ಒಂದು ಸೆಲ್ 3.6 ವೋಲ್ಟ್, ಐದು ಸೆಲ್ ಸಾಲಾಗಿ ಜೋಡಿಸಿದ್ರ 18. ಫುಲ್ ಚಾರ್ಜ್ ಆದ್ರ ಒಂದಕ್ಕ 4.2, ಐದಕ್ಕ 21. ನನ್ನಂಥಾ 4 ಆಂಪಿಯರ್-ಅವರ್ ಪ್ಯಾಕಿನಾಗ ಇಂಥಾ ಐದರ ಎರಡು ಸಾಲು ಬಾಜೂಕ ಬಾಜೂಕ ಜೋಡಿಸಿರ್ತಾರ, ಅಂದ್ರ ಒಟ್ಟು ಹತ್ತು ಸೆಲ್; ವೋಲ್ಟ್ ಅಷ್ಟೇ, ದಮ್ ಡಬಲ್. ಐದೇ ಇದ್ರೂ ಮೀಟರ್ 21 ತೋರಸ್ತದ, ಹತ್ತಿದ್ರೂ 21 ತೋರಸ್ತದ. ಅಂಗಡಿಯಂವಗ ಇದು ಗೊತ್ತಿತ್ತು, ನನಗ ಗೊತ್ತಿದ್ದಿಲ್ಲ. ಇಷ್ಟೇ ಫರಕು, 2,400 ರೂಪಾಯಿ ಫರಕು.

ಮ್ಯಾಲಿನ ಐದಾದ್ರೂ ಹೊಸಾವೇನು? ಎರಡು ನೀಲಿ, ಮೂರು ಹಸಿರು. ಪಟ್ಟಿ ಪಕ್ಕದಾಗ ಮೊದಲಿನ ವೆಲ್ಡಿಂಗಿನ ಸಣ್ಣ ಸಣ್ಣ ಸುಟ್ಟ ಚುಕ್ಕಿ. ಹಳೇ ಲ್ಯಾಪ್‌ಟಾಪ್ ಬ್ಯಾಟ್ರಿ ಒಡದು ತೆಗದದ್ದು ಅಂತ ಮಾವನ ಮಗ ಅಂದ. ಲ್ಯಾಪ್‌ಟಾಪ್ ಸೆಲ್ ನಿಧಾನಕ್ಕ ಕರೆಂಟ್ ಕೊಡೋದು, ನಾಕೈದು ಆಂಪಿಯರ್‌ಗೇ ಬಹಳಾತು ಅದಕ್ಕ. ಇಂಪ್ಯಾಕ್ಟ್ ಒತ್ತಿದಾಗ ಅದಕ್ಕಿಂತ ಎಷ್ಟೋ ಪಟ್ಟು ಬೇಡ್ತದ. ಮೀಟರ್ ಹಚ್ಚಿ ಟ್ರಿಗರ್ ಒತ್ತಿ ತೋರಸ್ದ, 20ರ ಮ್ಯಾಲಿದ್ದದ್ದು ದಬಕ್ಕನ 12ಕ್ಕ ಬಿತ್ತು, ಮಷಿನ್ ಬಂದ್, ಮತ್ತ ಮೆಲ್ಲಕ 19ಕ್ಕ ಏರ್ತು. ಒಂದು ಕಡೆ ಅಂಗಡಿಯಂವ ಪಟ್ಟಿ ಬದಲಿ ಸೀದಾ ಸೋಲ್ಡರ್ ಹಚ್ಚಿದ್ದ, ಕಡ್ಲಿ ಕಾಳಿನಷ್ಟು ಗಂಟು. ಸೆಲ್‌ಗಿ ಹಂಗ ಕಾಯಿಸಬಾರ್ದಂತ, ಸ್ಪಾಟ್ ವೆಲ್ಡಿಂಗೇ ಆಗ್ಬೇಕಂತ.

ಬಿಚ್ಚಿದ ಬ್ಯಾಟ್ರಿ ತಗೊಂಡು ಸೋಮವಾರ ಹೋದೆ. ನೋಡಿದ ಕೂಡ್ಲೇ ಏನಂದ ಗೊತ್ತದೇನ್ರಿ? "ಸೀಲ್ ಒಡದೀರಿ, ಗ್ಯಾರಂಟಿ ಹೋತು." ಯಾವ ಸೀಲ್? ಸ್ಕ್ರೂ ಮ್ಯಾಲ ಕೆಂಪು ನೇಲ್ ಪಾಲಿಶ್ ಹಚ್ಚಿದ್ನಂತ, ಅದು ಸೀಲ್! ಕೆಳಗಿನ ಐದು ತೋರಸಿ ಇದೇನಂತ ಕೇಳಿದ್ರ, ಜರಾ ಸುಮ್ಮನಿದ್ದು, "ನಾ ಹತ್ತು ಅಂತ ಯಾವಾಗ ಹೇಳ್ದೆ? ಫೋಟೋದಾಗ ಐದೇ ಇದ್ವಲ್ಲ, ನೀವೇ ಓಕೆ ಅಂತ ಹೆಬ್ಬೆರಳು ಕಳಿಸೀರಿ" ಅಂದ. ನನ್ನ ಹೆಬ್ಬೆರಳು ನನಗೇ ತೋರಸ್ದ, ಮೊಬೈಲ್ ತೆಗದು! ಪಕ್ಕದಾಗ ಮಿಕ್ಸರ್ ರಿಪೇರಿಗಿ ಬಂದ ಒಬ್ಬ ಅಜ್ಜ ಇದ್ರು, ಅವರೂ ನಕ್ಕರು. ಬಾಳ ಬಾಯಿ ಮಾಡಿದ ಮ್ಯಾಲ "500 ತಗೊಂಡು ಹೋಗ್ರಿ, ನೀವು ಹಳೇ ಗಿರಾಕಿ ಅಂತ" ಅಂದ. ತಗೊಳ್ಳಿಲ್ಲ. ತಗೋಬೇಕಿತ್ತೇನೋ. ಆಮ್ಯಾಲ ಮಾಡಿದ ಮೆಸೇಜಿಗಿ ನೀಲಿ ಟಿಕ್ ಬೀಳ್ತದ, ಉತ್ತರ ಇಲ್ಲ.

ಮಾಡ್ಸೋದೇ ಇದ್ರ ಕೂತು ಮಾಡಿಸ್ರಿ. ಎಷ್ಟು ಸೆಲ್, ಯಾವ ಕಂಪನಿದು, ಎಷ್ಟು ಆಂಪಿಯರ್ ಕೊಡ್ತದ ಅಂತ ಬಿಲ್ಲಿನಾಗ ಬರಿಸ್ರಿ, ಹಳೇ ಸೆಲ್ ಎಣಿಸಿ ವಾಪಸ್ ಇಸ್ಕೋರಿ. ಹತ್ತಕ್ಕ ಹತ್ತು. ಸೆಲ್ ಮ್ಯಾಲ 9900 mAh (ಅಂದ್ರ 9.9 ಆಂಪಿಯರ್-ಅವರ್) ಅಂತ ಬರದಿತ್ತಂದ್ರ ಅಲ್ಲಿಂದ ಎದ್ದು ಬರ್ರಿ, ಆ 18650 ಸೈಜಿನಾಗ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) 3500 ಅಂದ್ರೇ ಭಾರಿ ಆತು. ಮೀಟರ್ ನೋಡಬ್ಯಾಡ್ರಿ, ನಿಮ್ಮ ಮಷಿನ್ ಒಯ್ದು, ಒಂದು ಜಾಲಿ ಕಟ್ಟಿಗಿ ತುಂಡು ಒಯ್ದು, ಅಲ್ಲೇ ಮೂರಿಂಚಿನ ಸ್ಕ್ರೂ ಇಪ್ಪತ್ತು ಹೊಡದು ನೋಡ್ರಿ. ಮತ್ತ ನನ್ನಂಗ ಖಾಲಿ ಬ್ಯಾಟ್ರಿ ಪೆಟ್ಟಿಗ್ಯಾಗ ಒಗಿಬ್ಯಾಡ್ರಿ, ಬಹಳ ದಿನ ಇಡೋದಿದ್ರ ಅರ್ಧ ಚಾರ್ಜ್ ಮಾಡಿ ತಂಪು ಜಾಗದಾಗ ಇಡ್ರಿ. ನಮ್ಮ ಕಡೆ ಬ್ಯಾಸಗಿದಾಗ 42, 43 ಡಿಗ್ರಿ ಬಿಸಲು, ಗಾಡಿ ಡಿಕ್ಕಿದಾಗ ಇಟ್ಟ ಬ್ಯಾಟ್ರಿ ಬಿಸಿ ಇದ್ದಾಗೇ ಚಾರ್ಜರ್‌ಗಿ ತುರುಕಬ್ಯಾಡ್ರಿ, ಆರಲಿ.

ನಾ ಫೋಟೋ ಹಾಕಿದ್ದ ನೋಡಿ ನಮ್ಮ ಗ್ರೂಪಿನ ಆಳಂದದ ಬಡಿಗೇರ ಅಣ್ಣಾರು ಅವರ ಎರಡು ಬ್ಯಾಟ್ರಿ ಅವನ ಬಲ್ಲೇ ಕೊಟ್ಯಾರ. ನಿನ್ನಿ ಅವರಿಗೂ ಫೋಟೋ ಬಂದದ, ಸಾಲಾಗಿ ಐದು ಸೆಲ್, "ನೋಡ್ರಿ ಹೊಸ ಸೆಲ್". ಅವರು ಇನ್ನಾ ಹೆಬ್ಬೆರಳು ಕಳಿಸಿಲ್ಲ, ನಾ ಬ್ಯಾಡ ಅಂದೀನಿ. ಇವತ್ತ ಸಂಜಿಗಿ ಇಬ್ರೂ ಕೂಡಿ ಹೊಂಟೀವಿ. ಸ್ಟಾರ್ ಸ್ಕ್ರೂಡ್ರೈವರ್ ಕಿಸೆದಾಗ ಇಟ್ಕೊಂಡೀನಿ, ರೊಕ್ಕ ಕೊಡೋಕಿಂತ ಮೊದಲ ಅಲ್ಲೇ ತಿರುವಿ ನೋಡ್ತೀವಿ.