ಮುಟ್ಟಿನ ಕಪ್ ರಿವ್ಯೂ: ಅದರ ಮೇಲಿರೋ ಅಳತೆ ಗೆರೆಗೇ ನನ್ನ ಅರ್ಧ ಮಾರ್ಕ್ಸ್

ಮೆನ್‌ಸ್ಟ್ರುವಲ್ ಕಪ್ (ಪ್ಯಾಡ್ ಬದಲು ಯೋನಿಯೊಳಗೆ ಇಟ್ಕೊಂಡು ಮುಟ್ಟಿನ ರಕ್ತ ಹಿಡಿಯೋ ಸಿಲಿಕೋನ್ ಬಟ್ಟಲು) ಬಗ್ಗೆ ಯಾರನ್ನ ಕೇಳಿದ್ರೂ ಪ್ಯಾಡ್ ದುಡ್ಡು ಉಳಿಯುತ್ತೆ, ಕಸ ಆಗಲ್ಲ, ಬಿಳಿ ಬಟ್ಟೆ ಹಾಕ್ಬೋದು ಅಂತಾರೆ. ಎಲ್ಲಾ ನಿಜಾನೇ. ಆದ್ರೆ ಇದನ್ನ ಬಳಸ್ತಾ ಬಳಸ್ತಾ ನಂಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಬೇರೆ. ಎಷ್ಟು ರಕ್ತ ಹೋಗ್ತಿದೆ ಅಂತ ಕಣ್ಣಾರೆ ನೋಡಿ ಅಳೆಯೋಕಾಗುತ್ತೆ. ನಾನು ತಗೊಂಡಿರೋ ಕಪ್ ಒಳಗಡೆ ಎಂ.ಎಲ್. ಗೆರೆ ಇದೆ, ಕಮೋಡಿಗೆ ಚೆಲ್ಲೋಕೆ ಮುಂಚೆ ಒಂದ್ಸಲ ನೋಡಿ ಫೋನಲ್ಲಿ ಬರ್ಕೊಳ್ತೀನಿ, ಅಷ್ಟೇ.

ಇದ್ಯಾಕೆ ದೊಡ್ಡ ವಿಷ್ಯ ಅಂದ್ರೆ ನಮ್ಮಲ್ಲಿ ಎಲ್ರೂ ಹೇಳೋದು "ನಂಗೆ ಸ್ವಲ್ಪ ಜಾಸ್ತಿನೇ ಹೋಗುತ್ತೆ" ಅಂತ. ಡಾಕ್ಟರ್ ದಿನಕ್ಕೆ ಎಷ್ಟು ಪ್ಯಾಡ್ ಅಂತ ಕೇಳ್ತಾರೆ, ಕೆಲವರು ಸ್ವಲ್ಪ ಒದ್ದೆಯಾದ್ರೂ ಬದಲಾಯಿಸ್ತಾರೆ, ಕೆಲವರು ಪೂರ್ತಿ ತೊಯ್ಯೋವರೆಗೂ ಇಟ್ಕೊಂಡಿರ್ತಾರೆ, ಅದರಿಂದ ಏನ್ ಲೆಕ್ಕ ಸಿಗುತ್ತೆ ಹೇಳಿ. ಸಾಮಾನ್ಯವಾಗಿ ಒಂದು ಮುಟ್ಟಲ್ಲಿ ಎಲ್ಲಾ ದಿನ ಸೇರಿ ಹೋಗೋದು 30ರಿಂದ 40 ಎಂ.ಎಲ್., 80 ದಾಟಿದ್ರೆ ಅದು ಅತಿಸ್ರಾವ. ನಾನು ಬರೆದಿಟ್ಟಿದ್ದನ್ನ ಕೂಡಿಸಿ ನೋಡಿದ್ರೆ 80ರ ಮೇಲೇ ಬರ್ತಿತ್ತು. ಆ ಪಟ್ಟಿ ತೋರಿಸಿದ ತಕ್ಷಣ ಡಾಕ್ಟರ್ ರಕ್ತ ಪರೀಕ್ಷೆ, ಥೈರಾಯ್ಡ್, ಸ್ಕ್ಯಾನಿಂಗ್ ಬರೆದ್ರು, ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಬಂತು, ಕಬ್ಬಿಣದ ಮಾತ್ರೆ ಶುರುವಾಯ್ತು. ಮೆಟ್ಲು ಹತ್ತಿದ್ರೆ ಏದುಸಿರು, ಕೂದಲು ಉದುರೋದು, ಮಧ್ಯಾಹ್ನ ಕಣ್ಣು ಎಳೆಯೋದು, ಇದೆಲ್ಲಾ ಕೆಲಸದ ಸುಸ್ತು ಅಂತ ನಾವು ಸುಮ್ನಿರ್ತೀವಲ್ಲ, ಎಷ್ಟೋ ಸಲ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ಇದಿದೆ. ನಮ್ಮನೆ, ನಿಮ್ಮನೆ, ಎಲ್ಲಾ ಕಡೆನೂ ಇದೆ ಅಂತ ಆಯ್ತಲ್ಲ.

ಹಾಗಾಗಿ ನಂಗೀಗ ಮುಟ್ಟಿನ ಆರೈಕೆ ಅಂದ್ರೆ ಆ ನಾಕೈದು ದಿನ ಮಾತ್ರ ಅಲ್ಲ. ಮುಗಿದ ಮೇಲಿನ ವಾರಗಳಲ್ಲಿ ನುಗ್ಗೆಸೊಪ್ಪು, ಹುರುಳಿ ಸಾರು, ರಾಗಿ ಜಾಸ್ತಿ, ಊಟದ ಜೊತೆ ಒಂದು ಹೋಳು ನಿಂಬೆಹಣ್ಣು ಹಿಂಡ್ಕೊಳ್ಳೋದು, ಅದು ಕಬ್ಬಿಣದಂಶ ಹೀರ್ಕೊಳ್ಳೋಕೆ ಸಹಾಯ ಮಾಡುತ್ತೆ. ಮಾತ್ರೆ ತಗೊಂಡ ತಕ್ಷಣ ಕಾಫಿ ಕುಡಿಯಲ್ಲ, ಕಾಫಿ-ಟೀ ಅದನ್ನ ತಡೆಯುತ್ತೆ. ಡೇಟ್ ಹತ್ರ ಬಂದಾಗ ಎದೆ ಭಾರ, ಸಿಡಿಮಿಡಿ ಶುರುವಾಯ್ತು ಅಂದ್ರೆ ಕಪ್ ಕುದಿಸಿ ರೆಡಿ ಇಟ್ಕೊಳ್ತೀನಿ.

ಒಂದು ವಿಷ್ಯ ಸ್ಪಷ್ಟವಾಗಿ ಹೇಳ್ಬೇಕು, ಕಪ್ ಹಾಕಿದ್ರೆ ಹೊಟ್ಟೆನೋವು ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ನೋವು ಬರೋದು ಗರ್ಭಕೋಶ ಹಿಂಡೋದ್ರಿಂದ, ಅದನ್ನ ಹಿಂಡ್ಸೋದು ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ, ಕಪ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೆ ಬಿಸಿನೀರಿನ ಬ್ಯಾಗೇ ಬೇಕು, ಡಾಕ್ಟರ್ ಬರ್ಕೊಟ್ಟಿದ್ರೆ ಮೆಫೆನಾಮಿಕ್ ಆಸಿಡ್ ಮಾತ್ರೆ, ಅದೂ ನೋವು ತಾರಕಕ್ಕೇರೋ ತನಕ ಕಾಯದೆ ಶುರುವಾಗ್ತಿದ್ದಂಗೆ, ಏನಾದ್ರೂ ತಿಂದ್ಕೊಂಡು.

ಈಗ ಬಳಸೋದು. ಭಯ ಎಲ್ಲಾ ಹಾಕೋವಾಗಲೇ. ಇದಕ್ಕೆ ನಮ್ಮ ಇಂಡಿಯನ್ ಟಾಯ್ಲೆಟ್ಟೇ ಬೆಸ್ಟು, ಕುಕ್ಕರಗಾಲಲ್ಲಿ ಕೂತ್ರೆ ಯೋನಿಯ ದಾರಿ ಕಮ್ಮಿಯಾಗುತ್ತೆ. ಕೈ ತೊಳ್ಕೊಂಡು, ಕಪ್‌ನ ಅಂಚನ್ನ ಒಂದ್ಕಡೆಯಿಂದ ಒಳಗೆ ಒತ್ತಿ ಮಡಚಿದ್ರೆ ಮೇಲ್ಗಡೆ ಗುಲಾಬಿ ಮೊಗ್ಗಿನ ಥರ ಸಣ್ಣಗಾಗುತ್ತೆ, ಸ್ವಲ್ಪ ನೀರು ಹಚ್ಚಿ ನೇರ ಮೇಲಕ್ಕಲ್ಲ, ಬೆನ್ನಿನ ಕಡೆ ಓರೆಯಾಗಿ ತಳ್ಳಬೇಕು. ಬಿಟ್ಟ ಮೇಲೆ ಪೂರ್ತಿ ಬಿಚ್ಕೊಂಡಿದ್ಯಾ ಇಲ್ವಾ ಅಂತ ಬುಡದ ಸುತ್ತ ಬೆರಳಾಡಿಸಿ ನೋಡಿ, ಎಲ್ಲಾದ್ರೂ ಮಡಿಕೆ ಸಿಕ್ತು ಅಂದ್ರೆ ಸ್ವಲ್ಪ ತಿರುಗಿಸಿ. ಲೀಕ್ ಆಗೋದು ಬಹಳ ಸಲ ಆ ಮಡಿಕೆಯಿಂದಾನೇ. ತೆಗೆಯೋವಾಗ ಕಪ್‌ನ ಬುಡದಲ್ಲಿರೋ ಬಾಲ ಹಿಡಿದು ಎಳೀಬೇಡಿ, ಬುಡ ಹಿಚುಕಿ ಗಾಳಿ ಬಿಡಿಸಿ ಮೆಲ್ಲಗೆ ಅಲ್ಲಾಡಿಸ್ತಾ ತೆಗೀರಿ. ಮೊದಲ ಸಲ ಬರ್ಲಿಲ್ಲ ಅಂತ ಗಾಬರಿ ಬೇಡ, ಒಳಗೆಲ್ಲೂ ಕಳೆದು ಹೋಗೋ ಜಾಗ ಇಲ್ಲ, ಗರ್ಭಕೋಶದ ಬಾಯಿ ಅದಕ್ಕಿಂತ ತುಂಬಾ ಚಿಕ್ಕದು.

12 ಗಂಟೆವರೆಗೂ ಇಟ್ಕೋಬೋದು, ಜಾಸ್ತಿ ಹೋಗೋರು ಅದಕ್ಕೆ ಮುಂಚೆನೇ ಖಾಲಿ ಮಾಡ್ಬೇಕು. ಇದರ ಬೆಲೆ ರಾತ್ರಿ ಬಸ್ಸಲ್ಲಿ ಗೊತ್ತಾಗುತ್ತೆ. ಬೆಂಗಳೂರಿಂದ ಮಂಗಳೂರಿಗೆ ಹೋಗೋವಾಗ ಘಾಟಿ ಮಧ್ಯೆ ಎಲ್ಲಿ ಟಾಯ್ಲೆಟ್ ಹುಡುಕ್ತೀರಾ, ಸಿಕ್ಕಿದ್ರೂ ಒಳಗೆ ಕಾಲಿಡೋ ಹಾಗಿರುತ್ತಾ. ಆಫೀಸಲ್ಲಿ ತೊಳೆಯೋಕೆ ಜೆಟ್ ಇದ್ದೇ ಇರುತ್ತೆ, ಇಲ್ಲಾಂದ್ರೆ ಒಂದು ಸಣ್ಣ ಬಾಟ್ಲಿ ನೀರು ಒಳಗೆ ತಗೊಂಡ್ಹೋಗಿ.

ಕ್ಲೀನಿಂಗ್ ಸುಲಭ. ಮುಟ್ಟು ಶುರುವಾಗೋಕೆ ಮುಂಚೆ, ಮುಗಿದ ಮೇಲೆ ಐದು ನಿಮಿಷ ಕುದಿಸೋದು, ಅಂಚಲ್ಲಿರೋ ಪುಟ್ಟ ತೂತುಗಳಲ್ಲಿ ಕೊಳೆ ನಿಲ್ಲದ ಹಾಗೆ ನೋಡ್ಕೊಳ್ಳೋದು, ಒಣಗಿಸಿ ಬಟ್ಟೆ ಚೀಲದಲ್ಲಿಡೋದು. ಪಾತ್ರೆ ಬೇರೇನೇ ಇಟ್ಕೊಳ್ಳಿ, ಅಮ್ಮ-ಅತ್ತೆ ಹತ್ರ ವಾದ ಮಾಡೋ ಪ್ರಮೇಯನೇ ಬರಲ್ಲ.

ರೇಟು 300ರಿಂದ 500 ರೂಪಾಯಿ ಒಳಗೆ ಒಳ್ಳೇದೇ ಸಿಗುತ್ತೆ, ಮೆಡಿಕಲ್ ಗ್ರೇಡ್ ಸಿಲಿಕೋನ್ ಅಂತ ಬರೆದಿರ್ಬೇಕು, ಗಾಢ ಬಣ್ಣದ್ದು ಬೇಡ. ಸರಿಯಾಗಿ ನೋಡ್ಕೊಂಡ್ರೆ ವರ್ಷಗಟ್ಲೆ ಬರುತ್ತೆ. ದಕ್ಷಿಣ ಕನ್ನಡ, ಚಾಮರಾಜನಗರದ ಕಾಲೇಜು ಹುಡುಗೀರಿಗೆ ಸರ್ಕಾರನೇ ಮೈತ್ರಿ ಅನ್ನೋ ಹೆಸರಲ್ಲಿ ಕಪ್ ಕೊಡೋಕೆ ಶುರು ಮಾಡಿತ್ತು, ನಂಗೆ ತುಂಬಾ ಖುಷಿಯಾದ ವಿಷ್ಯ ಅದು. ಮದುವೆ ಆಗದೋರು ಹಾಕ್ಬೋದಾ ಅಂತ ಕೇಳೋರಿಗೆ, ಖಂಡಿತ ಹಾಕ್ಬೋದು, ಚಿಕ್ಕ ಸೈಜ್ ತಗೊಳ್ಳಿ. ನಾರ್ಮಲ್ ಡೆಲಿವರಿ ಆಗಿರೋರಿಗೆ ಸಾಮಾನ್ಯವಾಗಿ ದೊಡ್ಡದು. ಕಾಪರ್-ಟಿ ಹಾಕಿಸ್ಕೊಂಡಿರೋರು ಮಾತ್ರ ಮೊದ್ಲು ಡಾಕ್ಟರನ್ನ ಕೇಳಿ, ಗಾಳಿ ಬಿಡಿಸ್ದೆ ಎಳೆದ್ರೆ ಅದು ಜಾಗ ಬಿಡೋ ಸಾಧ್ಯತೆ ಇದೆ. ಕಪ್ ಹಾಕ್ಕೊಂಡಿದ್ದಾಗ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು ಬಂದ್ರೆ ಅಪರೂಪವೇ ಆದ್ರೂ ತಡ ಮಾಡ್ಬೇಡಿ, ಕಪ್ ತೆಗೆದು ಸೀದಾ ಆಸ್ಪತ್ರೆಗೆ ಹೋಗಿ.